ಸೂಲಗಿತ್ತಿಯ ನೋಟ್‌ಬುಕ್ಕಿನ ಅಂಚು

ಜೂನ್ 3, ಬೆಳಿಗ್ಗೆ

ಮತ್ತೆ ಸರ್ವರ್ ಮಲಗಿದೆ. ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಯ ಡಿಜಿಟಲ್ ವಿಭಾಗ ಎಂದರೆ ನಾನು, ಒಂದು ಸ್ಕ್ಯಾನರ್, ಒಂದು ಫ್ಯಾನು. ಸೂಲಗಿತ್ತಿಯೊಬ್ಬಳು ಹೆರಿಗೆಗಳ ಲೆಕ್ಕ ಬರೆದಿಟ್ಟ ನಲವತ್ತೊಂದು ನೋಟ್‌ಬುಕ್ ವೆಬ್‌ಸೈಟಿಗೆ ಹಾಕಿ ಎರಡು ವರ್ಷ. ತೆರೆದದ್ದು ಹನ್ನೆರಡು ಸಲ, ಅದರಲ್ಲಿ ಒಂಬತ್ತು ಸಲ ನಾನೇ. ಆದರೂ ನಮ್ಮ ಲೈಬ್ರರಿಯನ್ ಸಾಹೇಬರು ಬಂದವರಿಗೆಲ್ಲ ತೋರಿಸುತ್ತಾರೆ. "ಎಷ್ಟು ಕ್ಲೀನಾಗಿದೆ ನೋಡಿ, ಎಲ್ಲಾ ಪುಟ ಒಂದೇ ಸೈಜು!" ಕೇಳಿ ಈಗಲೂ ಒಳಗೊಳಗೇ ಹಿಗ್ಗುತ್ತೇನೆ.

ಜೂನ್ 5

ಸೂಲಗಿತ್ತಿಯ ಮಗಳು ಬಂದಿದ್ದರು. ಐವತ್ತು ದಾಟಿದ ಟೈಲರಮ್ಮ. ನೋಟ್‌ಬುಕ್ ಕೊಟ್ಟವರು ಅವರೇ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.

"ತಂಗೀ, ನಾನು ಅವಳು ಹೆತ್ತ ಮಗಳಲ್ಲ. ಯಾರಿಗೋ ಹೆರಿಗೆ ಮಾಡಿಸಿದ್ಲು, ಅವರು ಬೇಡ ಅಂದ್ರಂತೆ, ಎತ್ಕೊಂಡು ಬಂದ್ಲು. ಸಾಯೋ ಮುಂಚೆ ಹೇಳಿದ್ಲು, ನಿನ್ನ ಹೆತ್ತವಳ ಹೆಸರಿನ ಪಕ್ಕ, ಅಂಚಲ್ಲಿ, ಪೆನ್ಸಿಲಲ್ಲಿ ನಿನ್ನ ಹೆಸರು ಬರೆದಿದೀನಿ ಅಂತ. ನಂಗೆ ಸಿಟ್ಟು. ನೋಡ್ದೇನೇ ನಿಮಗೆ ಕೊಟ್ಬಿಟ್ಟೆ. ಈಗ ನೋಡ್ಬೇಕು ಅನ್ನಿಸ್ತಿದೆ."

ಸರ್ವರ್ ಕೆಟ್ಟಿದೆ, ಮುಂದಿನ ವಾರ ಬನ್ನಿ ಎಂದೆ. ಸರ್ವರ್ ನಿನ್ನೆಯೇ ಸರಿಯಾಗಿತ್ತು.

ಅದೇ ದಿನ, ಸಂಜೆ

ಅಂಚು ಇಲ್ಲ. ಪುಟಗಳು ಒಂದೇ ಅಳತೆಗೆ ಬರಲೆಂದು ಅಂಚನ್ನು ತಾನಾಗಿ ಕತ್ತರಿಸುವ ಆಟೋ-ಕ್ರಾಪ್ ಹಾಕಿದ್ದೆ. ಪೆನ್ಸಿಲ್ ಗೀಟುಗಳು ಕೊಳೆಯಂತೆ ಕಂಡಿದ್ದವು. ಡಿಸ್ಕ್ ತುಂಬಿತೆಂದು ಮೂಲ ಫೈಲುಗಳನ್ನು ಅಳಿಸಿದವಳೂ ನಾನೇ. ಗೆದ್ದಲು ಹಿಡಿದ ನೋಟ್‌ಬುಕ್ಕುಗಳು ರದ್ದಿಗೆ ಹೋದವು. "ಸ್ಕ್ಯಾನ್ ಪರಿಶೀಲಿಸಲಾಗಿದೆ" ಎಂಬುದರ ಕೆಳಗೆ ಸಹಿ ಯಾರದು? ನನ್ನದು. ಒಂದು ಪುಟವನ್ನೂ ಪರಿಶೀಲಿಸಿರಲಿಲ್ಲ.

ಜೂನ್ 9

ಹಳೇ ಡಿಸ್ಕು, ಪೆನ್‌ಡ್ರೈವ್, ಬ್ಯಾಕಪ್... ಎಲ್ಲ ಜಾಲಾಡಿದೆ. ಏನೂ ಇಲ್ಲ. ಟೈಲರಮ್ಮ ಹುಟ್ಟಿದ ತಿಂಗಳ ಪುಟಗಳಲ್ಲಿ ಐದು ಹೆಣ್ಣುಮಕ್ಕಳು. ಐವರು ತಾಯಂದಿರು. ಯಾರು ಎಂದು ಹೇಳುವುದಕ್ಕೆ ಏನೂ ಉಳಿದಿಲ್ಲ.

ಸಾಹೇಬರಿಗೆ ಹೇಳಿದೆ. "ಫೈಲಲ್ಲಿ ಇಲ್ಲ ಅನ್ನಿ, ಮುಗೀತು. ನಿಮ್ಮ ಸಹಿ ವಿಷಯ ಯಾಕೆ ಎತ್ತೋಕೆ ಹೋಗ್ತೀರಿ?"

ಮನೆಯಲ್ಲಿ ಇವರು ಇನ್ನೂ ಒಂದು ಕೈ ಮೇಲೆ. "ಯಾವುದಾದ್ರೂ ಒಂದು ಹೆಸರು ತೋರಿಸ್ಬಿಡೇ. ಅವರಿಗೂ ಸಮಾಧಾನ, ನಿನಗೂ ಸಮಾಧಾನ." ಮೈಯೆಲ್ಲ ಉರಿಯಿತು. ಊಟ ಬಿಟ್ಟು ಎದ್ದೆ. ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ.

ಜೂನ್ 10

ನಿಜ ಹೇಳುತ್ತೇನೆ. ಆದದ್ದಾಗಲಿ.

ಜೂನ್ 12, ಹನ್ನೊಂದು ಗಂಟೆ

ಹೇಳಲಿಲ್ಲ.

ಪೆನ್ಸಿಲ್ ಬರಹ ಎಲ್ಲಿ ಎಂದರು ಟೈಲರಮ್ಮ. ಮಾಸಿಹೋಗಿದೆ ಎಂದೆ. "ಸ್ಕ್ಯಾನ್ ಮಾಡ್ವಾಗ ನಿನಗಾದ್ರೂ ಕಂಡಿತ್ತಾ?" ಆ ಮುಖ ನೋಡಲಾಗಲಿಲ್ಲ. ಹೂಂ ಎಂದೆ. "ಯಾರ ಪಕ್ಕ?" ನನ್ನ ಬೆರಳು ತಾನಾಗಿ ಮೂರನೆಯ ಹೆಸರಿನ ಮೇಲೆ ಹೋಯಿತು. ಹಾಳು ಬೆರಳು.

ಆ ಹೆಸರನ್ನು ಎರಡು ಸಲ ಓದಿದರು. ಅತ್ತರು. ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಊರೂ ಬರೆದಿದಾಳಲ್ಲ, ತಂಗೀ. ಹೆತ್ತವಳು ಇನ್ನೂ ಬದುಕಿದ್ರೆ? ಇವತ್ತೇ ಹೋಗ್ತೀನಿ. ಒಬ್ಳೇ ಹೋಗೋಕೆ ಭಯ... ನೀನೂ ಬಾ."

ಮುಖ ತೊಳೆಯಲು ಹೋಗಿದ್ದಾರೆ. ಒಳಗೆ ನಲ್ಲಿ ನಿಂತಿತು. ಈಗಲಾದರೂ ಹೇಳಬೇಕು. ಬಾಗಿಲು ತೆರೆಯಿತು... ನಗುತ್ತಿದ್ದಾರೆ, ನನ್ನ ಬ್ಯಾಗನ್ನೂ ತಾವೇ ಎತ್ತಿಕೊಂಡು —