ನಮ್ಮ ಕಲ್ಲು ನಮಗೇ ಕಡ

ನನ್ನ ಖಾದರ್ ಮಾಸ್ತರರಿಗೆ,

ಕುರ್ಚಿ ಎಳೆದುಕೊಂಡು ಕೂತು ಓದಿ, ನಿಂತು ಓದುವ ಸುದ್ದಿಯಲ್ಲ. ನಮ್ಮೂರ ವೀರಗಲ್ಲನ್ನು ಇಂಗ್ಲೆಂಡಿನ ಆ ಮ್ಯೂಸಿಯಂನವರು ಕಳಿಸಿಕೊಡುತ್ತಾರಂತೆ. ಕುಣಿಯಬೇಡಿ, ಪೂರ್ತಿ ಕೇಳಿ. ಕಡವಾಗಿ ಕೊಡುತ್ತಾರಂತೆ. ಮೂರು ವರ್ಷ ರಾಯಚೂರಿನಲ್ಲಿ ಇಟ್ಟುಕೊಂಡು ವಾಪಸ್ ಕಳಿಸಬೇಕಂತೆ.

ಏಳನೇ ಕ್ಲಾಸಿನಲ್ಲಿ ನೀವು ನಮ್ಮನ್ನು ಊರ ಹೊರಗಿನ ಖಾಲಿ ಕಟ್ಟೆಯ ಮುಂದೆ ನಿಲ್ಲಿಸಿದ್ದು ನೆನಪಿದೆಯಾ? ಮಾನ್ವಿಯಿಂದ ಬಸ್ಸಿಗೆ ಬಂದು, ಬೆವರು ಒರೆಸಿಕೊಳ್ಳುತ್ತಾ, "ಇಲ್ಲಿ ಏನದ ಹೇಳ್ರಿ?" ಎಂದಿರಿ. "ಏನೂ ಇಲ್ರೀ ಸರ್" ಎಂದೆ ನಾನು. "ಅರೆ, ಅದಽ ನೋಡವಾ ಇವತ್ತಿನ ಪಾಠ" ಎಂದು ನಕ್ಕಿರಿ. ಕಳ್ಳರಿಂದ ಊರ ದನ ಉಳಿಸಲು ಹೋಗಿ ಸತ್ತವನ ಕಲ್ಲು ಅಲ್ಲಿತ್ತು, ಬಿಳಿಯ ಸಾಹೇಬನೊಬ್ಬ ಬಂಡಿಗೆ ಹೇರಿಸಿ ರಾಯಚೂರಿನ ರೈಲಿಗೆ ಹಾಕಿದ ಎಂದಿರಿ. ಊರಲ್ಲಿ ಯಾರ ಆಕಳು ಈದರೂ ಮೊದಲ ಗಿಣ್ಣದ ಹಾಲನ್ನು ಆ ಬರೀ ಕಟ್ಟೆಗೇ ಹಾಕುತ್ತಿದ್ದರು. ಎಲ್ಲ ಊರುಗಳಲ್ಲೂ ಹೀಗೇ ಎಂದುಕೊಂಡಿದ್ದೆ ನಾನು.

ಆ ಮ್ಯೂಸಿಯಂಗೆ ನೀವು ಬರೆದ ಪತ್ರಗಳು ಎಷ್ಟೋ. ಉತ್ತರ ಬಂದದ್ದು ಒಂದೇ ಸಲ, "ನಿಮ್ಮ ಆಸಕ್ತಿಗೆ ಧನ್ಯವಾದಗಳು" ಎಂದು. "ಆಸಕ್ತಿ ಅಂತ! ಮಕ್ಕಳಿಗೆ ಅಪ್ಪನ ಮ್ಯಾಲ ಇರೋದು ಆಸಕ್ತಿ ಏನು?" ಎಂದು ಸ್ಟಾಫ್ ರೂಮಿನಲ್ಲಿ ಕೂಗಾಡಿದಿರಿ. ಆಮೇಲೆ ಚಹಾ ಕುಡಿದು ಮತ್ತೊಂದು ಬರೆದಿರಿ.

ಈ ಸಲ ಅವರೇ ಹುಡುಕಿಕೊಂಡು ಬಂದರು. ನಿಮ್ಮ ಪತ್ರಗಳನ್ನು ಓದಿದ ಅಲ್ಲಿನ ಹುಡುಗಿಯೊಬ್ಬಳು, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನ್ನನ್ನು ಪತ್ತೆ ಹಚ್ಚಿ ವಿಡಿಯೊ ಕಾಲ್ ಮಾಡಿದಳು. ತಮ್ಮವರು ತಪ್ಪು ಮಾಡಿದರು ಎಂದು ಬಾಯಿಬಿಟ್ಟು ಹೇಳಿದಳು. ಕಾಲ ಬದಲಾಗಿದೆ ಮಾಸ್ತರ್, ಒಪ್ಪುತ್ತೇನೆ. ನಿಮಗೆ ಧನ್ಯವಾದ ಸಿಕ್ಕಿತು, ನನಗೆ ಕ್ಷಮೆ ಸಿಕ್ಕಿತು. ಕಲ್ಲು ಮಾತ್ರ... ಪೂರ್ತಿ ಕೊಡಲು ಅವರ ಕಾನೂನು ಬಿಡುವುದಿಲ್ಲವಂತೆ. ಕಡ ಬೇಕಾದರೆ ಗಾಜಿನ ಪೆಟ್ಟಿಗೆಯಲ್ಲಿಡಬೇಕು, ಯಾರೂ ಮುಟ್ಟಬಾರದು. ನಿಜ ಹೇಳಲಾ? ಆಗಲೇ ಹೂಂ ಅಂದುಬಿಡುವ ಆಸೆಯಾಯಿತು. ನೀವಂತೂ ನೋಡದೆಯೇ ಕಣ್ಣು ಮುಚ್ಚಿದಿರಿ, ನಾನಾದರೂ ಒಮ್ಮೆ ನೋಡುತ್ತಿದ್ದೆ. ಆದರೆ ಕಡ ತೆಗೆದುಕೊಂಡರೆ ಅದು ಅವರದೇ ಎಂದು ನಾವೇ ಒಪ್ಪಿದಂತಲ್ಲವೇ? ಊರವರನ್ನು ಕೇಳಿ ಹೇಳುತ್ತೇನೆ ಎಂದು ಫೋನಿಟ್ಟೆ.

ಭಾನುವಾರ ದೇವದುರ್ಗದ ಬಸ್ಸು ಹಿಡಿದು ಊರಿಗೆ ಹೋದೆ. ಕಟ್ಟೆಯ ಹತ್ತಿರವೇ ಜನ ಸೇರಿದರು. ಪಂಚಾಯ್ತಿ ಮೆಂಬರ್ ಹನುಮಂತ, "ತರಸ್ರಿ ಮೇಡಂ. ಬಂದಮ್ಯಾಲ ಯಾರು ವಾಪಸ್ ಕೊಡ್ತಾರ?" ಎಂದ. ಎಲ್ಲರೂ ನಕ್ಕರು. ಯಂಕವ್ವ ನಗಲಿಲ್ಲ. ಓಣಿಯಲ್ಲಿ ಎಲ್ಲರಿಗಿಂತ ಹಿರಿಯಳು, ಆಕಳು ಕಟ್ಟಿಯೇ ಬದುಕಿದವಳು. "ನಮ್ಮ ಕಲ್ಲು ನಾವಽ ಕದ್ದು ಇಟಗೊಳ್ಳಾಕ ಅದೇನು ಅವರದಾ? ಶಾಂತವ್ವಾ, ಗಾಜಿನ ಪೆಟಿಗ್ಯಾಗ ಇಟ್ರ ಹಾಲು ಎಲ್ಲಿ ಹಾಕಬೇಕು? ಇಷ್ಟು ದಿನ ಬರೀ ಕಟ್ಟಿಗೆ ಹಾಕೀವಿ, ಇನ್ನೂ ಹಾಕ್ತೀವಿ. ಕಡ ಬ್ಯಾಡ" ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ನಿಮ್ಮ ಪುಸ್ತಕದ ಅಲಮಾರಿ ನೆನಪಾಯಿತು. ಒಯ್ದವರು ಯಾರು ನೆಟ್ಟಗೆ ವಾಪಸ್ ಕೊಟ್ಟಿದ್ದರು ಹೇಳಿ? "ಕಳೀತೇನ್ರೀ ಸರ್?" ಎಂದರೆ, "ಕಳದಿಲ್ಲವಾ. ಪುಸ್ತಕ ನಂದಽ, ಸದ್ಯ ಅವನ ಕಡೆ ಅದ" ಎನ್ನುತ್ತಿದ್ದಿರಿ. ಆ ಹುಡುಗಿಗೂ ಅದನ್ನೇ ಹೇಳಿದೆ. ನಮಗೆ ಕಡ ಬೇಡ. ಕಡ ಒಯ್ದವರು ನೀವು, ಅಷ್ಟನ್ನು ಕಲ್ಲಿನ ಪಕ್ಕದಲ್ಲಿ ಬರೆಯಿರಿ ಎಂದೆ. ಮೇಲಿನವರನ್ನು ಕೇಳುತ್ತೇನೆ ಎಂದಳು. ಮೇಲಿನವರು ಅಂದರೆ ಗೊತ್ತಲ್ಲ ನಿಮಗೆ, ಧನ್ಯವಾದದವರು. ನಾನು ಆಸೆ ಬಿಟ್ಟು ಪರೀಕ್ಷೆ ಪೇಪರ್ ತಿದ್ದುತ್ತಾ ಕೂತೆ.

ನಿನ್ನೆ ಒಂದು ಫೋಟೊ ಬಂತು. ಕಲ್ಲಿನ ಪಕ್ಕ ಹೊಸ ಫಲಕ ಹಾಕಿದ್ದಾರೆ. ನಮ್ಮೂರ ಹೆಸರಿದೆ ಮಾಸ್ತರ್! "ಈ ಕಲ್ಲು ಈ ಊರಿನವರದು. ಸದ್ಯ ನಮ್ಮಲ್ಲಿದೆ" ಎಂದಿದೆ. ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಜೊತೆಗೆ ಅವಳು ಒಂದು ಮಾತು ಕೇಳಿದ್ದಾಳೆ. ಕಾನೂನಿಗೆ ದಾರಿ ಹುಡುಕೋಣ, ಸದ್ಯ ಅಂದರೆ ಎಲ್ಲಿಯ ತನಕ ಎಂದು ಊರವರನ್ನೇ ಕೇಳು ಎಂದು ಮೇಲಿನವರು ಹೇಳಿದ್ದಾರಂತೆ.

ಯಂಕವ್ವನಿಗೆ ಫೋನ್ ಹಚ್ಚಿದೆ. "ನಮ್ಮ ಆಕಳು ಈಯೂ ತನಕ ಇಟಗೋರಿ ಅಂತ ಹೇಳವಾ" ಎಂದಳು.

ಹಾಗೆಯೇ ಬರೆದು ಕಳಿಸಿದ್ದೇನೆ. ಆಕಳು ಈಗ ಗಬ್ಬ ಇದೆ.

ನಿಮ್ಮ
ಶಾಂತಾ