ಗೋಡೆಯ ಮೇಲೆ ಎದ್ದ ಗೀರುಗಳು

ನವೆಂಬರ್ 14, ಗುರುವಾರ

ಆ ಗೋಡೆಯನ್ನು ಉಜ್ಜಿಸದೆ ಬಿಟ್ಟದ್ದು ಸರಿಯೋ ತಪ್ಪೋ. ಊಟಕ್ಕೆ ಕೂತಾಗಲೂ ಅದೇ ಯೋಚನೆ.

ಕಾಡಿನೊಳಗಿನ ಪುಟ್ಟ ಪ್ರಾರ್ಥನಾಲಯದ ಗೋಡೆಗಳಿಗೆ ಕಾಂಕ್ರೀಟ್ ಸುರಿಯಲು ಕಟ್ಟಿದ್ದ ಸೆಂಟ್ರಿಂಗ್ ಹಲಗೆಗಳನ್ನು ಇವತ್ತು ಬಿಚ್ಚಿದೆವು. ಒಂದು ಕಡೆ ಪೂರ್ತಿ ಗಾಜು, ಆಚೆ ಮರಗಳು. ಉಳಿದ ಮೂರು ಗೋಡೆಗಳಿಗೆ ಗಾರೆಯಿಲ್ಲ, ಬಣ್ಣವಿಲ್ಲ. ಹಲಗೆಯ ನಾರಿನ ಗುರುತು ಕಾಂಕ್ರೀಟಿನಲ್ಲಿ ಹಾಗೇ ಉಳಿಯಬೇಕೆಂಬುದು ಆರ್ಕಿಟೆಕ್ಟ್ ಮೇಡಂ ಆಸೆ. ಆದರೆ ಬಲಗೋಡೆಯಲ್ಲಿ, ಕೂತವರ ಬೆನ್ನಿನ ಎತ್ತರಕ್ಕೆ, ನೂರಾರು ಸಣ್ಣ ಗೀರುಗಳು ಎದ್ದು ನಿಂತಿದ್ದವು.

ಹಲಗೆ ಸಾಲದೆ ನನ್ನ ತಮ್ಮ ನಮ್ಮ ಅಡುಗೆಮನೆಯ ಹಲಗೆಯನ್ನೂ ಲಾರಿಗೆ ಹಾಕಿದ್ದ. ನನ್ನವಳು ಹನ್ನೊಂದು ವರ್ಷ ಅದರ ಮೇಲೆಯೇ ತರಕಾರಿ ಹೆಚ್ಚಿದ್ದಳು.

"ಅಣ್ಣಾ, ಅತ್ತಿಗೆ ಇಲ್ಲೂ ಹೆಚ್ಚಿಟ್ಟು ಹೋಗಿದ್ದಾರಲ್ಲೋ," ಎಂದು ನಕ್ಕವನು ನನ್ನ ಮುಖ ನೋಡಿ ಬಿಚ್ಚಿದ ಹಲಗೆಗಳನ್ನು ಹೊತ್ತು ಹೊರಗೆ ಹೋದ.

ಚಾಕು ಹಲಗೆಯಲ್ಲಿ ಕೊರೆದದ್ದೆಲ್ಲ ಗೋಡೆಯಲ್ಲಿ ಉಬ್ಬಿದೆ. ಅವಳು ತೀರಿಹೋಗಿ ಆರು ತಿಂಗಳು. ಕೈಯಾಡಿಸಿದೆ, ಒಂದೊಂದು ಗೀರೂ ಬೆರಳಿಗೆ ಸಿಕ್ಕಿತು.

ಮೇಡಂ ಬಂದರು. "ಮೇಸ್ತ್ರಿ, ಇದು ಮರದ ಗುರುತಲ್ವಲ್ಲಾ. ಉಜ್ಜಿಸಿಬಿಡೋಣ್ವಾ?"

"ನನ್ನ ಹೆಂಡತಿ ತರಕಾರಿ ಹೆಚ್ಚಿದ ಗುರುತು ಮೇಡಂ."

ಅವರು ಬಹಳ ಹೊತ್ತು ಗೋಡೆ ನೋಡಿದರು. "ಬಂದವರೆಲ್ಲ ನಿಮ್ಮ ಕೆಲಸ ಸರಿಯಿಲ್ಲ ಅಂತಾರೆ. ಪರವಾಗಿಲ್ವಾ?"

"ಅನ್ನಲಿ ಬಿಡಿ."

ಮೂವತ್ತು ವರ್ಷ ಯಾರಿಂದಲೂ ಒಂದು ಮಾತು ಬರದ ಹಾಗೆ ಕೆಲಸ ಮಾಡಿದವನು ನಾನು. ನಾಳೆ ಆ ಗೋಡೆಗೆ ಒರಗಿದವರು ಯಾರೋ, ಬೆನ್ನಿಗೆ ಒತ್ತಿತೆಂದು ತಿರುಗಿ ನೋಡಿ, ಯಾವ ದಡ್ಡ ಮೇಸ್ತ್ರಿಯೋ ಎಂದು ಬೈಯಲಿ. ಬೈಯುತ್ತಲೇ ಒಮ್ಮೆ ಮುಟ್ಟಿ ನೋಡಲಿ, ಅಷ್ಟು ಸಾಕು, ಆ ಗುರುತು ಯಾರದೆಂದು ಅವರಿಗೆ ಗೊತ್ತಾಗದಿದ್ದರೂ.