ಮುಖಪುಟವಷ್ಟೇ ಉಳಿದರೆ ಸಾಕೇ?

ಮಾನ್ಯ ಸಮಾಜ ಕಲ್ಯಾಣ ಕಾರ್ಯದರ್ಶಿಗಳೇ,

ನಿಮ್ಮ ಕಚೇರಿಯ ಮೇಲ್ಮಹಡಿಯ ಸಮಾಜನೀತಿ ಗ್ರಂಥಾಲಯವನ್ನು ಸೋಮವಾರ ರದ್ದಿಗೆ ಹಾಕುತ್ತೀರಂತೆ. ವರ್ಷಗಟ್ಟಲೆ ಅಲ್ಲಿ ಕೂತು ಓದಿದ ಸಂಶೋಧಕ ನಾನು. ದಯವಿಟ್ಟು ಲಾರಿ ಕಳಿಸಬೇಡಿ. ಸಭ್ಯವಾಗಿ ಅರ್ಜಿ ಕೊಟ್ಟು ನೋಡಿದೆ, ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಅದಕ್ಕೇ ಈಗ ಈ ಬಹಿರಂಗ ಪತ್ರದಲ್ಲಿ ಹತ್ತು ಜನರೆದುರು ಬಾಯಿ ಬಿಡುತ್ತಿದ್ದೇನೆ.

‘ಎಲ್ಲವೂ ಕಂಪ್ಯೂಟರಿನಲ್ಲಿದೆ’ ಎನ್ನುತ್ತದೆ ನಿಮ್ಮ ಪ್ರಕಟಣೆ. ಒಮ್ಮೆಯಾದರೂ ತೆರೆದು ನೋಡಿದ್ದೀರಾ? ಗುತ್ತಿಗೆ ಹಿಡಿದ ಮಹಾನುಭಾವರು ಪ್ರತಿ ವರದಿಯ ಮುಖಪುಟವನ್ನಷ್ಟೇ ಸ್ಕ್ಯಾನ್ ಮಾಡಿದ್ದಾರೆ. ಆಹಾ, ಎಂಥ ಮಿತವ್ಯಯ! ಬರೀ ತಟ್ಟೆ ಇಟ್ಟು, ಊಟವಾಯಿತು, ಇನ್ನು ಕೈ ತೊಳೆದುಕೊಳ್ಳಿ ಎಂದ ಹಾಗಾಯಿತು. ಸಾರ್ವಜನಿಕ ಗ್ರಂಥಾಲಯ ಇದೆಯಲ್ಲ ಎನ್ನುತ್ತೀರಿ. ಇದೆ, ಅಲ್ಲಿ ಕಾದಂಬರಿ ಸಿಗುತ್ತದೆ. ಸೋತ ಸರ್ಕಾರಿ ಯೋಜನೆಗಳ ವರದಿ ಸಿಗುತ್ತದೆಯೇ? ಗೆದ್ದದ್ದನ್ನು ಎಲ್ಲರೂ ಅಚ್ಚು ಹಾಕಿಸುತ್ತಾರೆ. ಸೋತದ್ದರ ಟೈಪ್ ಮಾಡಿದ ಒಂದೇ ಪ್ರತಿ ಉಳಿದಿರುವುದು ಇಲ್ಲಿ. ಕಿಟಕಿ ಪಕ್ಕದ ಕಪಾಟಿಗೆ ಗ್ರಂಥಪಾಲಕಿ ‘ಎಡವಿದ್ದು’ ಎಂದು ಚೀಟಿ ಅಂಟಿಸಿದ್ದಾರೆ. ಹೊಸ ಯೋಜನೆ ಬರೆಯುವ ಮೊದಲು ಅದನ್ನು ಓದುವುದು ನಿಮ್ಮ ಹಿಂದಿನವರ ಪದ್ಧತಿಯಾಗಿತ್ತು. ನಿಮ್ಮ ಕಾಲದಲ್ಲಿ ಅತ್ತ ಯಾರೂ ತಲೆ ಹಾಕಿಲ್ಲ.

ಹಾಕಿದ್ದರೆ ನಾನು ಹೀಗೆ ಬೇಡುವ ಸ್ಥಿತಿ ಬರುತ್ತಿರಲಿಲ್ಲ. ನನ್ನ ಅಕ್ಕನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ನಾನು ಕೆಲಸಕ್ಕೆ ಹೊರಟ ಮೇಲೆ ಬಂದು ನೋಡಿಕೊಳ್ಳುವ ನಿಮ್ಮ ಇಲಾಖೆಯ ಸಹಾಯಕಿಯನ್ನು ಮುಂದಿನ ತಿಂಗಳಿಂದ ನಿಲ್ಲಿಸಿ, ಬದಲಿಗೆ ಕ್ಷೇಮ ವಿಚಾರಿಸುವ ಫೋನ್ ಮಾಡಿಸುತ್ತೀರಂತೆ. ಹೊಸ ಆಲೋಚನೆ ಅಂದುಕೊಂಡಿರಾ? ಅದೇ ಕಪಾಟಿನಲ್ಲಿ ಇದರ ವರದಿಯಿದೆ, ಸ್ವಾಮಿ! ಹಿಂದೊಮ್ಮೆ ಇದನ್ನೇ ಮಾಡಿದ್ದರು. ಫೋನ್ ಎತ್ತದವರನ್ನೆಲ್ಲ ‘ಮನೆಯಲ್ಲಿಲ್ಲ’ ಎಂದು ಬರೆದುಕೊಂಡರು. ಅವರು ಮನೆಯಲ್ಲೇ ಇದ್ದರು, ನೆಲದ ಮೇಲೆ ಬಿದ್ದಿದ್ದರು. ಕೆಲವರು ಮತ್ತೆ ಏಳಲಿಲ್ಲ.

ಅಕ್ಕನಿಗೆ ಇದನ್ನು ಹೇಳಬಾರದಿತ್ತೇನೋ, ಹೇಳಿಬಿಟ್ಟೆ.

“ಪಾಪ, ಆ ಸಾಹೇಬರಿಗೆ ಗೊತ್ತಿಲ್ಲ ಕಣೋ,” ಅಂದಳು. “ಗೊತ್ತಿದ್ದೂ ಯಾರಾದ್ರೂ ಹೀಗೆ ಮಾಡ್ತಾರಾ? ನೀನೊಂದ್ಸಲ ತಿಳಿಸು, ನಿಲ್ಲಿಸ್ತಾರೆ.”

ನನಗೆ ಅಳು ತಡೆಯಲಾಗಲಿಲ್ಲ.

ಲಾರಿ ನಿಲ್ಲಿಸಿ. ಮೆಟ್ಟಿಲು ಹತ್ತಿ ಬಂದು ಆ ವರದಿಯನ್ನು ಕೊನೆಯ ಪುಟದವರೆಗೂ ಓದಿ. ಅಲ್ಲಿಯವರೆಗೆ ಫೋನಿನ ಆದೇಶಕ್ಕೆ ಸಹಿ ಹಾಕಬೇಡಿ, ಕೈ ಮುಗಿಯುತ್ತೇನೆ. ತಿಳಿಸು ಎಂದಳು ಅಕ್ಕ, ತಿಳಿಸಿದ್ದೇನೆ. ನಿಮ್ಮ ಪರವಾಗಿ ಅವಳ ಬಳಿ ಇದ್ದದ್ದು ‘ಗೊತ್ತಿಲ್ಲ’ ಎಂಬ ಒಂದೇ ಮಾತು.

ಇಂತಿ,
ಬೇಡಿ ಬೇಡಿ ಗಂಟಲು ಒಣಗಿದ
ಅವಳ ತಮ್ಮ